ಗೋದಕ್ಕ ಕಟ್ಟಿಸಿದ ಕರೆ

ನಮ್ಮೂರಿನ ಅಂಗಡಿಗಳಿಗೆ ಬೋರ್ಡು ಇಲ್ಲ. ಬೀದಿಯಲ್ಲಿ ನಿಂತು ಸರಕಿನ ಹೆಸರು ಕೂಗುವವರೂ ಇಲ್ಲ. ವಾರದ ಸಂತೆಯ ದಿನ ಬೆಳಕು ಹರಿಯುವ ಹೊತ್ತಿಗೆ ವ್ಯಾಪಾರಿಗಳೆಲ್ಲ ಸಂತೆಮಾಳದ ಮೂಲೆಯ ಕರೆಗಲ್ಲಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ಆ ಕಲ್ಲಿಗೆ ಒಂದು ಬಾಯಿದೆ, ಅಂಗೈಯಷ್ಟು ಅಗಲ. ಅದಕ್ಕೆ ಮುಖವಿಟ್ಟು ಒಂದು ಮಾತು ಹೇಳಿ, ತಮ್ಮ ಹೊಸ್ತಿಲು ಯಾವ ಓಣಿಯಲ್ಲಿದೆ ಎಂದು ತಿಳಿಸಿ ಬರುತ್ತಾರೆ. ಇದಕ್ಕೆ ನಾವು ಕರೆ ಕಟ್ಟುವುದು ಎನ್ನುತ್ತೇವೆ. ಅಲ್ಲಿಂದ ಮುಂದಿನ ಸಂತೆಯವರೆಗೆ ಆ ಮಾತು ಯಾರ ಮನಸ್ಸಿಗೆ ಬಂದರೂ ಅವರ ಕಾಲು ಆ ಹೊಸ್ತಿಲ ಕಡೆ ತಿರುಗುತ್ತದೆ. ಬೆಲ್ಲ ಎಂದುಕೊಂಡವರು ಬೆಲ್ಲದವರ ಬಾಗಿಲಿಗೆ, ಹಲ್ಲುನೋವು ಎಂದುಕೊಂಡವರು ಹಲ್ಲು ಕೀಳುವವರ ಬಾಗಿಲಿಗೆ. ತಡೆದುಕೊಳ್ಳಬಹುದು, ಆದರೆ ಅದು ಸೀನು ತಡೆದುಕೊಂಡ ಹಾಗೆ. ಒಮ್ಮೆ ಬಾಗಿಲ ಮುಂದೆ ಬಂದು ನಿಂತರೆ, ಮನಸ್ಸಿನಲ್ಲಿದ್ದದ್ದು ತೀರುವವರೆಗೆ ಕಾಲು ಹಿಂದಕ್ಕೆ ಬರುವುದಿಲ್ಲ.

ಬಂದವರು ಹೊಸ್ತಿಲು ದಾಟಿದರೆ ಕರೆ ಕಟ್ಟಿದವರ ಗಂಟಲಿನಿಂದ ಒಂದು ಗುಟುಕು ದನಿ ಹೋಗುತ್ತದೆ. ಅವರು ಕೊಂಡರೂ ಹೋಗುತ್ತದೆ, ಸುಮ್ಮನೆ ಮುಟ್ಟಿ ನೋಡಿ ಎದ್ದು ಹೋದರೂ ಹೋಗುತ್ತದೆ. ಯಾರ ಕೈಯ ಕೆಲಸವೋ ಅವರ ದನಿಯೇ ಹೋಗಬೇಕು, ಬೇರೆಯವರು ಕೊಡುತ್ತೇನೆಂದರೆ ಕಲ್ಲು ಕೇಳುವುದಿಲ್ಲ. ಒಂದು ನಿದ್ದೆ ಮಾಡಿದರೆ ದನಿ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ದಿನವೂ ತಳ ಕಾಣುವ ತನಕ ಖಾಲಿ ಮಾಡಿಕೊಂಡವರಿಗೆ ತುಂಬುವುದು ನಿಧಾನವಾಗುತ್ತದೆ, ಆಮೇಲೊಂದು ಬೆಳಿಗ್ಗೆ ತುಂಬುವುದೇ ಇಲ್ಲ. ಬಳೆಗಾರ ಚನ್ನಮಲ್ಲಪ್ಪ ಮೊಮ್ಮಕ್ಕಳನ್ನು ಕರೆಯಲು ಚಪ್ಪಾಳೆ ತಟ್ಟುತ್ತಾನೆ. ಹೀಗಾಗಿ ನಮ್ಮ ಪೇಟೆ ಬೆಳಿಗ್ಗೆ ಗದ್ದಲ, ಮಧ್ಯಾಹ್ನ ಪಿಸುಮಾತು, ಸಂಜೆಗೆ ಬರೀ ಕೈಸನ್ನೆ. ಸಂಜೆಗೂ ದನಿ ಉಳಿದವನ ಅಂಗಡಿಯಲ್ಲಿ ಸರಕೂ ಉಳಿದಿದ್ದರೆ ಅವನು ಸೋಮಾರಿ, ಸರಕು ಖಾಲಿಯಾಗಿದ್ದರೆ ಅವನಿಗೆ ಕಣ್ಣು ಮುಚ್ಚಿ ಹೆಣ್ಣು ಕೊಡು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ.

ನನ್ನ ಅತ್ತಿಗೆ ಶಾವಂತ್ರವ್ವನ ದನಿ ಓಣಿಯ ಆ ತುದಿಯಿಂದ ಈ ತುದಿಗೆ ಕೇಳುತ್ತಿತ್ತು. ನಗುವುದು, ಬೈಯುವುದು, ತೊಟ್ಟಿಲ ಕೂಸಿಗೆ ಲಾಲಿ ಹಾಡುವುದು ಎಲ್ಲವೂ ಒಂದೇ ಎತ್ತರದಲ್ಲಿ. ನನಗೆ ಮಾತು ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಾರೆ. ಅವ್ವ ಹಾಸಿಗೆ ಹಿಡಿದಾಗ ಆರನೇ ಇಯತ್ತೆಗೇ ಶಾಲೆ ಬಿಟ್ಟು ಮನೆಯಲ್ಲಿ ಕುಳಿತವಳು ನಾನು. ಅವ್ವ ತೀರಿಕೊಂಡ ಮೇಲೆ ಈ ಮನೆಗೆ ಬಂದ ಅತ್ತಿಗೆ ನನ್ನ ಪಾಲಿನ ಮಾತನ್ನೂ ತಾನೇ ಆಡುತ್ತ ಬಂದಳು. ಕಾಯಿಪಲ್ಲೆಯವಳು ತೂಕದಲ್ಲಿ ಮೋಸ ಮಾಡಿದರೆ ನಾನು ಅತ್ತಿಗೆಯ ಮುಖ ನೋಡಿದರೆ ಸಾಕಿತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, "ಹುಡುಗಿ ಮಾತಾಡ್ತಾಳೋ ಇಲ್ಲೋ?" ಎಂದು ಕೇಳಿದಾಗ ಅತ್ತಿಗೆ, "ಮಾತಾಡ್ತಾಳ್ರಿ. ನಿಮ್ಮ ಹುಡುಗ ಕೇಳೂವಂಗ ಆದ ಮ್ಯಾಲೆ ಆಡ್ತಾಳ" ಎಂದಿದ್ದಳು. ಅವರು ಚಹಾ ಅರ್ಧಕ್ಕೇ ಬಿಟ್ಟು ಹೋದರು. ಆ ದಿನ ನಾನು ನಕ್ಕಷ್ಟು ಬೇರೆಂದೂ ನಕ್ಕಿಲ್ಲ.

ಅತ್ತಿಗೆಯ ಕೈಯಲ್ಲಿ ಕೌದಿಯ ಕೆಲಸವಿತ್ತು. ಹಳೆಯ ಬಟ್ಟೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಪದರದ ಮೇಲೆ ಪದರವಿಟ್ಟು, ಇರುವೆ ಸಾಲಿನಂತಹ ಹೊಲಿಗೆ ಹಾಕುತ್ತಿದ್ದಳು. ಓಣಿಯವರಿಗೆಲ್ಲ ಹೊಲಿದು ಕೊಟ್ಟು ಹೆಸರಾದ ಮೇಲೆ, ಪಡಸಾಲೆಯಲ್ಲೇ ಅಂಗಡಿ ಇಡೋಣ ಎಂದಳು. ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಅಣ್ಣ ಗದಿಗೆಪ್ಪನಿಗೆ ಅದಕ್ಕಿಂತ ಹೆಚ್ಚು ಉಮೇದು. "ಕೌದಿ ಅಂತ ಕರೆ ಕಟ್ಟಿದ್ರ ಎಷ್ಟು ಮಂದಿ ಬಂದಾರು? ಚಳಿ ಅಂತ ಕಟ್ಟು. ಇಡೀ ಊರ ಬರ್ತೈತಿ ನೋಡು" ಎಂದ. ಪುಷ್ಯ ಮಾಸ. ಅತ್ತಿಗೆ ನಗುತ್ತಲೇ ಕಲ್ಲಿನ ಬಾಯಿಗೆ ಅದೊಂದೇ ಮಾತು ಹೇಳಿ ಬಂದಳು.

ಇಡೀ ಊರು ಬಂತು. ಹಾಲಿನವನು ಸೈಕಲ್ಲು ನಿಲ್ಲಿಸಿ ಬಂದ. ಬಚ್ಚಲಿನಿಂದ ಒದ್ದೆ ಮೈಯಲ್ಲೇ ಹುಡುಗರು ಓಡಿ ಬಂದರು. ಜ್ವರ ಬಂದ ಮುದುಕನನ್ನು ಅವನ ಮಗ ಹೊತ್ತು ತಂದ. ಶಾಲೆಯ ಮಾಸ್ತರರು ನಮ್ಮ ಪಡಸಾಲೆಯ ನಡುವೆ ನಿಂತು ಕೈ ಉಜ್ಜಿಕೊಳ್ಳುತ್ತ, "ನಾ ಯಾಕ ಬಂದೇನಿ ಇಲ್ಲಿ?" ಎಂದು ನನ್ನನ್ನೇ ಕೇಳಿದರು. ಯಾರಿಗೂ ಕೌದಿ ಬೇಕಿರಲಿಲ್ಲ. ಬಿಸಿಲೇರಿದರೆ ಸಾಕಿತ್ತು. ಒಬ್ಬೊಬ್ಬರು ದಾಟಿದಾಗಲೂ ಅತ್ತಿಗೆಯ ಗಂಟಲು ಗುಟುಕ್ ಎಂದು ಅಲ್ಲಾಡುವುದನ್ನು ನಾನು ಮೂಲೆಯಲ್ಲಿ ಕುಳಿತು ನೋಡಿದೆ. ನಾಷ್ಟಾ ಹೊತ್ತಿಗೆ ಆಕೆಯ ದನಿ ಹೋಗಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಕಟ್ಟಿದ ಕರೆಯನ್ನು ಮುಂದಿನ ಸಂತೆಗೆ ಮೊದಲು ಬಿಚ್ಚುವ ಹಾಗಿಲ್ಲ. ಬಾಗಿಲು ಮುಚ್ಚಿದರೆ ಬಂದವರು ಹಿಂದಕ್ಕೆ ಹೋಗಲಾರದೆ ಓಣಿ ತುಂಬ ನಡುಗುತ್ತ ನಿಲ್ಲುತ್ತಿದ್ದರು. ಅತ್ತಿಗೆಗೆ ಅದನ್ನು ನೋಡಲಾಗದೆ ತಾನೇ ತೆರೆಯುತ್ತಿದ್ದಳು. ಸಂತೆ ಬರುವಷ್ಟರಲ್ಲಿ, ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದರೂ ಆಕೆಯ ಬಾಯಲ್ಲಿ ಒಂದು ಎಳೆಯಷ್ಟೇ ದನಿ ಇರುತ್ತಿತ್ತು. ತೊಟ್ಟಿಲ ಕೂಸು ತಾಯಿಯ ತುಟಿಯನ್ನೇ ನೋಡುತ್ತ ಮಲಗುತ್ತಿತ್ತು.

ಆಗ ನಾವು ಗೋದಕ್ಕನ ಮನೆಗೆ ಹೋದೆವು. ಗಾಣದ ಹಿಂದಿನ ಓಣಿಯಲ್ಲಿ ಇರುವ ಗೋದಕ್ಕ, ಯಾರು ಯಾವ ಕರೆ ಕಟ್ಟಬೇಕೆಂದು ಹೇಳಿಕೊಡುವವಳು. ಬೀಗದ ವ್ಯಾಪಾರಿಗಳೆಲ್ಲ ಕಳ್ಳ ಎಂಬ ಮಾತಿಗೆ ಕರೆ ಕಟ್ಟಿ, ಕಳ್ಳರ ಸುದ್ದಿ ಹೇಳಲು ಬಂದವರನ್ನೆಲ್ಲ ಕೂರಿಸಿಕೊಂಡು ದನಿ ಕಳೆದುಕೊಳ್ಳುತ್ತಿದ್ದಾಗ, ಒಬ್ಬ ಬೀಗದವನಿಗೆ ಆಕೆ, "ಅರ್ಧ ದಾರಿ ಹೋಗಿ, ಬಾಗಲಾ ಹಾಕೇನೋ ಇಲ್ಲೋ ಅಂತ ತಿರುಗಿ ಬರ್ತಾರಲ್ಲ, ಅವರನ್ನ ಕರಿ" ಎಂದಿದ್ದಳಂತೆ. ಅವನು ಈಗಲೂ ಸಂಜೆಗೆ ಹಾಡು ಹೇಳಿಕೊಂಡು ಅಂಗಡಿ ಮುಚ್ಚುತ್ತಾನೆ.

ಗೋದಕ್ಕ ಅತ್ತಿಗೆಯ ಗಂಟಲು ಮುಟ್ಟಿ ನೋಡಿದಳು. "ತಳಾ ಕಾಣಾಕತ್ತೈತಿ. ಇನ್ನೊಂದು ಸಲ ಕೆರದರ ಮತ್ತ ತುಂಬೂದಿಲ್ಲ, ತಿಳೀತೇನವಾ? ಈ ಸಂತಿಗೆ ಯಾವ ಕರೆನೂ ಬ್ಯಾಡ. ಸುಮ್ನ ಮನಿಯಾಗ ಇರು."

"ಸುಮ್ನ ಇದ್ರ ಮಂದಿ ಮರೀತಾರ್ರಿ ಗೋದಕ್ಕಾರ" ಎಂದ ಅಣ್ಣ.

"ಮರೀಲಿ. ನೀ ಕಟ್ಟಿಸಿದ ಕರೆ ಮರೀಲಿ ಅಂತನ ನಾನೂ ಬೇಡ್ಕೋತೀನಿ" ಎಂದಳು ಗೋದಕ್ಕ. ಆಮೇಲೆ ಮೂಲೆಯಲ್ಲಿದ್ದ ನನ್ನನ್ನು ನೋಡಿದಳು. "ಇಕಿ ಯಾರು? ಮಾತಾಡೂದಿಲ್ಲೇನು?"

ಅತ್ತಿಗೆ ಅಭ್ಯಾಸಬಲದಿಂದ ನನ್ನ ಪರವಾಗಿ ಉತ್ತರಿಸಲು ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. 

"ನನ್ನ ತಂಗಿ ಕಸ್ತೂರಿ ರೀ" ಎಂದ ಅಣ್ಣ.

"ಛಲೋ ಆತು. ಮಾತಾಡೋರ ಮುಂದ ಮಂದಿ ಸುಳ್ಳು ಹೇಳ್ತಾರ. ನಾಳಿಂದ ನೀ ನನ್ನ ಕೂಡ ಬಾರವಾ."

ಮರುದಿನ ಗೋದಕ್ಕ ನಮ್ಮ ಮನೆಗೇ ಬಂದಳು. ಅಂಗಳ ಸಾರಿಸಿ, ರಂಗೋಲಿ ಪುಡಿಯಲ್ಲಿ ಊರಿನ ಓಣಿಗಳನ್ನೆಲ್ಲ ಎಳೆದಳು. ಶೇಂಗಾ ಒಡೆಯುತ್ತ ಕುಳಿತಳು. ಯೋಚನೆ ಮಾಡುವಾಗ ಶೇಂಗಾ ಒಡೆಯುವುದು ಆಕೆಯ ರೂಢಿ. ಒಂದನ್ನೂ ತಿನ್ನುವುದಿಲ್ಲ, ಕಾಳು ಪಕ್ಕದಲ್ಲಿದ್ದವರಿಗೆ, ಸಿಪ್ಪೆ ರಂಗೋಲಿಯ ಮೇಲೆ. ಯಾವ ಮನೆಗೆ ಕೌದಿ ಹೋಗಿದೆಯೋ ಅಲ್ಲಿ ಒಂದು ಸಿಪ್ಪೆ. ಸಂಜೆಗೆ ಎಲ್ಲವನ್ನೂ ಗುಡಿಸಿಬಿಡುತ್ತಿದ್ದಳು. ಇಷ್ಟು ಕಷ್ಟಪಟ್ಟು ಹಾಕಿದ್ದನ್ನು ಯಾಕೆ ಅಳಿಸುತ್ತಾಳೆಂದು ನಾನು ಕಣ್ಣರಳಿಸಿ ನೋಡಿದ್ದಕ್ಕೆ, "ಉಳಿಸಿಟ್ರ ಅದ ಖರೇ ಅನ್ನಿಸಾಕ ಹತ್ತತೈತಿ. ದಿನಾ ಹೊಸದಾಗಿ ನೋಡಬೇಕು" ಎಂದಳು.

"ಕರೆ ಕಟ್ಟಾಕ ಇಷ್ಟೊಂದು ರಂಗೋಲಿ ಯಾಕ್ರಿ? ದೀಪಾವಳಿ ಆಗಿ ಹೋತಲ್ಲ" ಎಂದು ಅಣ್ಣ ಮಿಲ್ಲಿಗೆ ಹೊರಡುತ್ತ ಅಣಕಿಸಿದ.

"ದಾಟಿ ಹೋಗಪ್ಪಾ, ತುಳೀಬ್ಯಾಡ. ಬಡಿಗ್ಯಾರ ಓಣಿ ನಿನ್ನ ಕಾಲಾಗ ಐತಿ" ಎಂದಳು ಗೋದಕ್ಕ, ತಲೆ ಎತ್ತದೆ.

ಆಕೆ ಅತ್ತಿಗೆಯನ್ನು ಕೇಳಿದ್ದು ಒಂದೇ ಪ್ರಶ್ನೆ. "ಬೆಚ್ಚಗಾಗಾಕ ಕಂಬಳಿ ಐತಿ, ರಗ್ಗು ಐತಿ. ಮಂದಿಗೆ ನಿನ್ನ ಕೌದಿನ ಯಾಕ ಬೇಕು?" ಅತ್ತಿಗೆಗೆ ಗೊತ್ತಿರಲಿಲ್ಲ. ಹೊಲಿಯುವವರಿಗೆ ಅದು ಹೇಗೆ ಗೊತ್ತಾಗಬೇಕು? ಗೋದಕ್ಕ ನನ್ನನ್ನು ಕೌದಿ ಇದ್ದ ಮನೆಗಳಿಗೆ ಕಳಿಸಿದಳು. "ಏನೂ ಕೇಳಬ್ಯಾಡ. ಹೊಲಿಗಿ ಬಿಚ್ಚೈತೇನ ನೋಡಾಕ ಬಂದೇನಿ ಅನ್ನು. ಅವರು ಕೌದಿ ಹಾಸಿದಾಗ ಕೈ ಎಲ್ಲಿ ಇಡ್ತಾರ, ಅಷ್ಟ ನೋಡ್ಕೊಂಡ ಬಾ."

ನಾನು ಹೋದೆ. ಮಾತಾಡಬೇಕಾಗಿಲ್ಲ ಎಂದ ಮೇಲೆ ನನಗೆ ಹೆದರಿಕೆಯೂ ಇರಲಿಲ್ಲ. ಖಾನಾವಳಿಯವರ ಹೆಂಡತಿ ಕೌದಿ ಹಾಸಿ, ಮಾತಾಡುತ್ತಲೇ ನಡುವಿನ ಒಂದು ಹಸಿರು ತುಂಡನ್ನು ಸವರುತ್ತಿದ್ದಳು. "ಇದು ನಮ್ಮವ್ವಂದು" ಎಂದಳು. ದರ್ಜಿಯ ಮಗ ಮೂಲೆಯ ಒಂದು ಕೆಂಪು ಚೌಕದ ಮೇಲೆಯೇ ಕೆನ್ನೆಯಿಟ್ಟು ಮಲಗುತ್ತಾನಂತೆ, ಅದು ಅವನ ಅಜ್ಜಿಯ ಕುಪ್ಪಸ. ಎಲ್ಲರ ಕೈಯೂ ಯಾವುದೋ ಒಂದು ತುಂಡಿಗೆ ಹೋಗುತ್ತಿತ್ತು. ಕೌದಿ ಎಷ್ಟು ದಪ್ಪ, ಎಷ್ಟು ಬೆಚ್ಚಗೆ ಎಂದು ಯಾರೂ ಹೇಳಲಿಲ್ಲ. ಬಂದು ಗೋದಕ್ಕನಿಗೆ ಇದನ್ನು ಕೈಯಲ್ಲೇ ತೋರಿಸಿದೆ. ಆಕೆ ತಲೆಯಾಡಿಸಿದಳು. ಆದರೆ ಅಷ್ಟಕ್ಕೇ ನಂಬಲಿಲ್ಲ. ಆ ಕೌದಿಗಳಲ್ಲಿ ಬಹಳಷ್ಟು ಕೂಸುಗಳಿಗೆಂದು ಹೊಲಿಸಿದವು. ಬಾಣಂತಿಯರ ಮನೆಗೆ ಬೇಕಾಗಿದ್ದೂ ಇರಬಹುದಲ್ಲ? ಪರೀಕ್ಷೆ ಮಾಡಿಯೇ ನೋಡಬೇಕು ಎಂದಳು.

ಮುಂದಿನ ಸಂತೆಗೆ ಒಂದು ಚಿಕ್ಕ ಕರೆ ಕಟ್ಟಿಸಿದಳು. ಬಾಣಂತಿ ಎಂಬ ಮಾತಿಗೆ, ಅದೂ ಕುಂಬಾರ ಓಣಿಗೆ ಮಾತ್ರ, ಮಧ್ಯಾಹ್ನ ಮಾತ್ರ. ಇಂಥ ಓಣಿ, ಇಂಥ ಹೊತ್ತು ಎಂದು ಹೇಳಿದರೆ ಕಲ್ಲು ಅದನ್ನೂ ಕೇಳುತ್ತದೆ. ಯಾರಿಗೂ ಅಷ್ಟು ಹೇಳುವ ತಾಳ್ಮೆಯಿಲ್ಲ, ಅಷ್ಟೇ. ಬಂದವರು ಕೆಲವೇ ಮಂದಿ, ಎಲ್ಲರೂ ನಗುನಗುತ್ತ ಬಂದರು. ಆದರೆ ಕೌದಿ ಇವತ್ತೇ ಬೇಕು, ಹೆಸರಿಡುವ ಹೊತ್ತಿಗೆ ಬೇಕು. ಹೊಲಿಯಲು ತಿಂಗಳು ಬೇಕೆಂದರೆ, "ಅಯ್ಯ, ಅಷ್ಟೊತ್ತಿಗೆ ಕೂಸು ನಡ್ಯಾಕ ಹತ್ತತೈತಿ" ಎಂದು ಎದ್ದು ಹೋದರು. ಅತ್ತಿಗೆಯ ಎಳೆ ಇನ್ನಷ್ಟು ಸವೆಯಿತು. ಆಕೆ ನನ್ನ ಕಡೆ ನೋಡಿದ ನೋಟದಲ್ಲಿ ಮೊದಲ ಸಲ ಹೆದರಿಕೆ ಕಂಡಿತು.

ಗೋದಕ್ಕನಿಗೆ ನಾಚಿಕೆಯಾಗಲಿಲ್ಲ, ಸಿಟ್ಟೂ ಬರಲಿಲ್ಲ. ಅಂಗಳಕ್ಕೆ ಬಂದು ಓಣಿಗಳನ್ನು ಮತ್ತೆ ಮೊದಲಿನಿಂದ ಎಳೆದಳು. "ಕೂಸಿನ ಮನಿಯಾಗ ಸಡಗರ. ಸಡಗರಕ್ಕ ತಡಕೊಳ್ಳೂ ಗುಣ ಇಲ್ಲ. ನಮಗ ತಡಕೊಳ್ಳೋರು ಬೇಕು" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಆಮೇಲೆ ನನ್ನ ಅಂಗೈಗೆ ಶೇಂಗಾ ಕಾಳು ಸುರಿದು, "ತೀರಿಹೋದವರ ಸೀರಿ ಟ್ರಂಕಿನಿಂದ ಯಾವಾಗ ಹೊರಗ ಬರ್ತಾವ, ಹೇಳು ನೋಡೂಣು" ಎಂದಳು.

ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳುವುದು ನನಗೆ ಯಾವಾಗಲೂ ಹೆಚ್ಚು ಕಷ್ಟ. ಆಕೆ ಅವಸರ ಮಾಡಲಿಲ್ಲ. ಶೇಂಗಾ ಒಡೆಯುತ್ತ ಕುಳಿತೇ ಇದ್ದಳು. ನಾನು ಬಾಯಿ ಬಿಡುವಷ್ಟರಲ್ಲಿ ಎದ್ದು ಹೋಗದ ಮನುಷ್ಯರನ್ನು ನಾನು ಕಂಡದ್ದು ಅದೇ ಮೊದಲು. "ಬ್ಯಾರೆ ಏನೋ ಹುಡುಕಾಕ ಟ್ರಂಕ್ ತಗೀತಾರ್ರಿ" ಎಂದೆ. "ಸೀರಿ ಕೈಗೆ ಬರ್ತೈತಿ. ಹಿಡ್ಕೊಂಡ ನಿಂದರ್ತಾರ. ಉಡಾಕ ಆಗೂದಿಲ್ಲ, ಕೊಡಾಕ ಆಗೂದಿಲ್ಲ. ಇದನ್ನೇನ್ ಮಾಡ್ಲಿ ಅಂತಾರ. ಆಮ್ಯಾಲೆ ಮತ್ತ ಮಡಚಿ ಇಟ್ಟ ಬಿಡ್ತಾರ."

ಗೋದಕ್ಕನ ಕೈ ನಿಂತಿತು. "ಇದನ್ನೇನ್ ಮಾಡ್ಲಿ" ಎಂದು ಮೆಲ್ಲಗೆ ಹೇಳಿ ನೋಡಿದಳು. ಅಡುಗೆಯ ರುಚಿ ನೋಡುವವರ ಹಾಗೆ ಇನ್ನೊಮ್ಮೆ ಹೇಳಿದಳು. "ಇದ ನೋಡವಾ ಕರೆ. ಕಡಿಮಿ ಮಂದಿ ಬರ್ತಾರ. ಬಂದೋರು ಬರಿಗೈಲೆ ಹೋಗೂದಿಲ್ಲ."

ಅದಾದ ಮೇಲೆ ಆಕೆ ಮಾಡಿದ ಕೆಲಸ ನೋಡುವುದೇ ಒಂದು ಚೆಂದ. ಯಾರು ಬರಬೇಕು ಎನ್ನುವುದಕ್ಕಿಂತ ಯಾರು ಬರಬಾರದು ಎನ್ನುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡಳು. ಸೀರೆ ಮಾರಬೇಕೆಂದವರು ಬೇಡ. ಹರಿದು ಒರಸುವ ಅರಿವೆ ಮಾಡಬೇಕೆಂದವರು ಬೇಡ. ಈಚೆಗೆ ಸಾವಾದ ಮನೆಯವರಂತೂ ಬೇಡವೇ ಬೇಡ. ಅವರೇ ಮೊದಲು ಬರುವವರಲ್ಲವೇ ಎಂದು ಅಣ್ಣ ಕೇಳಿದ್ದಕ್ಕೆ, "ಕಣ್ಣೀರು ಆರಲಾರದೋರನ್ನ ವ್ಯಾಪಾರಕ್ಕ ಕರೀಬಾರ್ದಪ್ಪಾ. ಅವರು ಬಂದ್ರೂ ನಾಳಿ ಬಂದು, ನಮ್ಮವ್ವನ ಸೀರಿ ಯಾಕ ಕತ್ತರಿಸಿದಿ ಅಂತ ಅಳ್ತಾರ" ಎಂದಳು. ದಿನಕ್ಕೆ ಒಬ್ಬರಿಗಿಂತ ಹೆಚ್ಚು ಬರದಂತೆ ಓಣಿಗಳನ್ನು ಆರಿಸಿದಳು. ಈಗ ಅತ್ತಿಗೆಯ ಗಂಟಲು ತಾಳುವುದು ದಿನಕ್ಕೆ ಒಂದೇ ಗುಟುಕು, ಎರಡಾದರೆ ತಳ ಕೆರೆದಂತೆ ಎಂದು ನಮಗೆಲ್ಲ ಮತ್ತೆ ಮತ್ತೆ ಹೇಳಿದಳು. ಆಮೇಲೆ ಪಡಸಾಲೆಗೆ ಬಂದು, ಅತ್ತಿಗೆ ಜೋಡಿಸಿಟ್ಟಿದ್ದ ಕೌದಿಗಳ ರಾಶಿಯನ್ನೆಲ್ಲ ಒಳಗೆ ಸಾಗಿಸಿದಳು. ಅರ್ಧ ಹೊಲಿದ ಒಂದೇ ಕೌದಿಯನ್ನು ಸೂಜಿ ಸಿಕ್ಕಿಸಿದ ಹಾಗೆಯೇ ಹಾಸಿದಳು. ಬಾಗಿಲಿಗೆ ಎದುರಾಗಿ ಒಂದು ಖಾಲಿ ಮಣೆ ಹಾಕಿದಳು. "ಬಂದವರ ಕೈಯಾಗ ಗಂಟು ಇರ್ತೈತಿ. ಗಂಟು ಎಲ್ಲಿ ಇಡ್ಲಿ ಅಂತ ಅವರು ಕೇಳೂವಂಗ ಆಗಬಾರ್ದು" ಎಂದಳು. ಆ ಮಣೆಯನ್ನು ನೋಡಿದಾಗ, ಮನುಷ್ಯರು ಬರುವ ಮೊದಲೇ ಅವರ ಕೈ ನೋವನ್ನು ಇಷ್ಟು ಯೋಚಿಸಬಹುದೇ ಎಂದು ನನಗೆ ಆಶ್ಚರ್ಯವಾಯಿತು.

ಸಂತೆಯ ದಿನ ಅತ್ತಿಗೆ ಕಲ್ಲಿಗೆ ಮುಖವಿಟ್ಟು ತನ್ನ ಎಳೆ ದನಿಯಲ್ಲಿ ಇಷ್ಟನ್ನೂ ಹೇಳುವಾಗ ಹಿಂದೆ ನಿಂತ ಬೆಲ್ಲದವನು, "ಏನ್ರೀ, ಕಲ್ಲಿಗೆ ಪುರಾಣ ಹೇಳಾಕತ್ತಾಳೇನು?" ಎಂದು ಕೂಗಿದ.

"ಹೌದಪ್ಪಾ. ನೀ ಒಂದ ಮಾತು ಹೇಳಿ ಹೋಗು. ಮಧ್ಯಾಹ್ನ ಭೆಟ್ಟಿ ಆದಾಗ ನನಗ ಕೈಸನ್ನಿ ಮಾಡು" ಎಂದಳು ಗೋದಕ್ಕ. ಸಾಲಿಗೆ ಸಾಲೇ ನಕ್ಕಿತು.

ಒಂದೆರಡು ದಿನ ಯಾರೂ ಬರಲಿಲ್ಲ. ಅಣ್ಣ ಖಾಲಿ ಮಣೆಯನ್ನು ನೋಡಿ ನೋಡಿ ಹೋಗುತ್ತಿದ್ದ. ಆಮೇಲೆ ಬಂದವನು ಹಮಾಲ ಫಕ್ಕೀರಪ್ಪ, ಚೀಲ ಹೊತ್ತು ಹೊತ್ತು ಕುತ್ತಿಗೆ ಕಂಬದಂತಾದವನು. ಕಂಕುಳಲ್ಲಿ ಒಂದು ಗಂಟು. ಮಣೆ ಕಂಡದ್ದೇ ಗಂಟನ್ನು ಅದರ ಮೇಲಿಟ್ಟು ನೆಲಕ್ಕೆ ಕುಳಿತ. ಅತ್ತಿಗೆ ಏನೂ ಹೇಳಬೇಕಾಗಲಿಲ್ಲ. ಅವನೇ ತೀರಿಹೋದ ಹೆಂಡತಿಯ ಒಂದೊಂದು ಸೀರೆ ಬಿಚ್ಚಿ, ಇದು ಅವಳು ಮದುವೆಯಲ್ಲಿ ಉಟ್ಟದ್ದು, ಇದನ್ನು ಉಟ್ಟರೆ ಅವಳ ತವರಿನವರು ನಗುತ್ತಿದ್ದರು ಎಂದು ಹೇಳುತ್ತ ಹೋದ. ಅರ್ಧ ಹೊಲಿದ ಕೌದಿಯನ್ನು ನೋಡಿ, "ಇಲ್ಲೆ ನಡಕ ಹಚ್ಚು ಇದನ್ನ. ತಡಾ ಆದ್ರ ಆಗ್ಲಿ, ಇಷ್ಟ ದಿನಾ ಟ್ರಂಕಿನ್ಯಾಗ ಇತ್ತಲ್ಲ" ಎಂದು ಎದ್ದು ಹೋದ. ಚಳಿಗೆ ಬಂದವರ ಹಿಂದೆ ಅತ್ತಿಗೆ ಮಾತು ಸುರಿದು ಸುರಿದು ಸೋತಿದ್ದಳು. ಇವನಿಗೆ ಕೇಳುವ ಕಿವಿ ಒಂದಿದ್ದರೆ ಸಾಕಿತ್ತು. ಮರುದಿನ ಒಬ್ಬಳು ಬಂದಳು, ಅದರ ಮರುದಿನ ಇನ್ನೊಬ್ಬಳು. ಗೋದಕ್ಕ ಹೇಳಿದ ಹಾಗೆ ದಿನಕ್ಕೆ ಒಬ್ಬರೇ, ಎಲ್ಲರ ಕೈಯಲ್ಲೂ ಗಂಟು. ಹೋದ ಗುಟುಕು ರಾತ್ರಿಯ ನಿದ್ದೆಯಲ್ಲಿ ಮರಳಿ ಬರುತ್ತಿತ್ತು, ಜೊತೆಗೆ ಒಂದು ಹನಿ ಹೆಚ್ಚೂ ಬರುತ್ತಿತ್ತು.

ಆಗಲೇ ಅದು ನಡೆದದ್ದು. ಅಂದು ಅಣ್ಣನಿಗೆ ಮಿಲ್ಲಿನ ರಜೆ. ಆ ದಿನದ ಗಿರಾಕಿ ಬೆಳಿಗ್ಗೆಯೇ ಬಂದು ಹೋಗಿದ್ದಳು. ಫಕ್ಕೀರಪ್ಪನ ಕೌದಿಗೆ ಅಡಿಯ ಪದರ ಬೇಕಾಗಿತ್ತು. ಹಳೆಯ ಧೋತರ ಇದ್ದರೆ ತಂದು ಕೊಡಿ ಎಂದು ಅತ್ತಿಗೆ ಅಣ್ಣನಿಗೆ ಸನ್ನೆ ಮಾಡಿದಳು. ಅವನು ಒಳಕೋಣೆಗೆ ಹೋಗಿ ಟ್ರಂಕು ತೆಗೆದ ಸಪ್ಪಳ ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಹಿತ್ತಲ ಬಾಗಿಲು ಕಿರುಗುಟ್ಟಿತು. ಹಿತ್ತಲಿನಿಂದ ಹೊರಬಿದ್ದು, ಓಣಿ ಸುತ್ತಿ, ಅಣ್ಣ ನಮ್ಮದೇ ಮುಂಬಾಗಿಲ ಎದುರು ಬಂದು 'ಯಾರಾದರೂ ಇದ್ದೀರಾ' ಎನ್ನುವ ಪರಸ್ಥಳದವನಂತೆ ನಿಂತ. ಎರಡೂ ಕೈ ಮೇಲೆ ಅವ್ವನ ಗೋಮಿದಡಿ ಅಂಚಿನ ಸೀರೆ. ನನ್ನ ಬಾಯಿಂದ ಬಂದ ಮಾತು ನಮ್ಮ ಮನೆಯ ಟ್ರಂಕಿನದೇ ಎಂಬುದು ನನಗೂ ಹೊಳೆದಿರಲಿಲ್ಲ, ಗೋದಕ್ಕನಿಗೂ ಹೊಳೆದಿರಲಿಲ್ಲ.

ಅಣ್ಣ ಹೊಸ್ತಿಲಿಗೆ ಕಾಲೆತ್ತಿದ. ಅಷ್ಟರಲ್ಲಿ ಅವನಿಗೇ ತಿಳಿಯಿತು. "ಏ, ನಾ ಕರೆಗೆ ಬಂದೇನಿ!" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡ. ಅತ್ತಿಗೆ ಸೀರೆಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ಅವ್ವ ಹೋದ ದಿನದಿಂದ ಆ ಮುಖ ಹಾಗೆ ಆದದ್ದನ್ನು ಯಾರೂ ಕಂಡಿರಲಿಲ್ಲ. ಒಳಗೆ ಬಾ ಎಂದು ಕೈ ಮಾಡಿದಳು.

"ಬರೂದಿಲ್ಲ. ಇವತ್ತಿಂದು ಮುಗದೈತಿ. ನಿನ್ನ ದನಿ ಪೂರಾ ಹೋಗ್ತೈತಿ."

ದನಿ ಹೋದರೆ ಹೋಗಲಿ ಎನ್ನುವಂತೆ ಅತ್ತಿಗೆ ಇನ್ನೊಮ್ಮೆ ಕೈ ಮಾಡಿದಳು, ಈ ಸಲ ಸಿಟ್ಟಿನಿಂದ. ಅಣ್ಣ ತಲೆಯಾಡಿಸಿ ಕಟ್ಟೆಯ ಮೇಲೆ ಕುಳಿತುಬಿಟ್ಟ. ಕಾಲು ಹೊಸ್ತಿಲ ಕಡೆ ಎಳೆಯುತ್ತಿದ್ದವು. ಅವನ್ನು ತೊಡೆಯ ಕೆಳಗೆ ಮಡಚಿ ಹಾಕಿ, ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಸೀರೆ ಹಿಡಿದು ಕುಳಿತ. ನಾನು ಗೋದಕ್ಕನ ಮನೆಗೆ ಓಡಿದೆ.

ಗೋದಕ್ಕ ಬಂದು ಎಲ್ಲವನ್ನೂ ಒಂದು ಸಲ ನೋಡಿ, "ತಪ್ಪು ನಂದು" ಎಂದಳು. "ಊರೆಲ್ಲಾ ರಂಗೋಲ್ಯಾಗ ಎಳದೆ, ಮನಿಯವರನ್ನ ಬಿಟ್ಟೆ." ಅಷ್ಟು ಹೇಳಿ, ಹಲುಬದೆ, ರಂಗೋಲಿ ಪುಡಿ ತರಿಸಿ ಕಟ್ಟೆಯ ಕೆಳಗೆ ಕುಳಿತು ನಮ್ಮ ಮನೆಯೊಂದನ್ನೇ ಎಳೆದಳು. ತನ್ನ ತಪ್ಪನ್ನು ಹೀಗೆ ಬಿಸಿಲಿಗೆ ಹಿಡಿದು, ಬೇರೆಯವರ ವಸ್ತುವಿನಂತೆ ತಿರುಗಿಸಿ ತಿರುಗಿಸಿ ನೋಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊಸ್ತಿಲ ಗೆರೆಯ ಹೊರಗೆ ಒಂದು ಸಿಪ್ಪೆಯಿಟ್ಟು ಅದನ್ನೇ ದಿಟ್ಟಿಸಿದಳು.

"ಗದಿಗೆಪ್ಪಾ, ಸೀರಿ ಕೈಗೆ ಬಂದಾಗ ಏನಂದುಕೊಂಡಿ?"

"ಇದನ್ನೇನ್ ಮಾಡ್ಲಿ ಅಂತ್ರಿ."

"ಇನ್ನೂ ಅದನ್ನ ಅನ್ನಾಕತ್ತೀಯೇನು?"

"ಹೂಂ ರೀ." 

"ಹಂಗಾದ್ರ ಅದಕ್ಕ ಉತ್ತರ ಒಳಗನ ಕೊಡಬೇಕಂತ ಯಾರು ಹೇಳ್ಯಾರ? ಇಲ್ಲೆ ಕೊಡೂಣು. ಮನಸಿನ್ಯಾಗಿಂದು ತೀರಿದ್ರ ಕರೆ ಬಿಡತೈತಿ. ಕಸ್ತೂರಿ, ಸೂಜಿ ದಾರ ತಾರವಾ."

ವ್ಯಾಪಾರ ಹೊಸ್ತಿಲ ಒಳಗೇ ನಡೆಯುವುದೆಂದು ಊರಿಗೆ ಊರೇ ತಿಳಿದಿತ್ತು. ನಾನು ಸೂಜಿ, ದಾರ, ಕತ್ತರಿ, ಧೋತರ ಎಲ್ಲವನ್ನೂ ಕಟ್ಟೆಗೆ ತಂದೆ. ಅತ್ತಿಗೆ ಹೊರಗೆ ಬಂದು ಅವನ ಪಕ್ಕದಲ್ಲಿ ಕುಳಿತಳು. ಓಣಿಯವರು ನೋಡುತ್ತ ನಿಂತರು. ಕತ್ತರಿ ಸೀರೆಗೆ ತಾಗಿದಾಗ ಅಣ್ಣ ಅದನ್ನು ತನ್ನ ಕಡೆ ಎಳೆದುಕೊಂಡ, ಅತ್ತಿಗೆ ಕೈ ಹಿಂದೆಗೆದುಕೊಂಡಳು. ಎಲ್ಲಿ ಎಂದು ಕಣ್ಣಲ್ಲೇ ಕೇಳಿದಳು. ಅವನು ಸೀರೆಯನ್ನು ಬಹಳ ಹೊತ್ತು ಹುಡುಕಿ, ಸೆರಗಿನ ಒಂದು ತುದಿ ಹಿಡಿದ. ಅಲ್ಲಿ ಬಟ್ಟೆ ಸುಕ್ಕುಗಟ್ಟಿ ಹಾಗೆಯೇ ಉಳಿದಿತ್ತು. "ಇಲ್ಲೆ ಯಾಲಕ್ಕಿ ಗಂಟು ಹಾಕ್ಕೋತಿದ್ಲು ಅವ್ವ. ನಾ ಶಾಲಿಯಿಂದ ಬಂದ್ರ ಬಿಚ್ಚಿ ಒಂದು ಕೊಡ್ತಿದ್ಲು. ಇದ್ದಾಂಗ ಇರ್ಲಿ, ಸುಕ್ಕು ತಗೀಬ್ಯಾಡ."

ಅತ್ತಿಗೆ ಆ ತುದಿಯನ್ನು ಸುಕ್ಕು ಸಹಿತ ಕತ್ತರಿಸಿ ಧೋತರದ ನಡುವಿಗಿಟ್ಟು ಹೊಲಿಗೆ ಹಾಕತೊಡಗಿದಳು. ಒಂದು ಬದಿ ಮುಗಿಯಿತು, ಎರಡನೆಯದು ತಿರುಗಿತು. ಎಲ್ಲರೂ ಸೂಜಿಯನ್ನು ನೋಡುತ್ತಿದ್ದರು, ಗೋದಕ್ಕ ಮಾತ್ರ ಅಣ್ಣನ ಕಾಲನ್ನು ನೋಡುತ್ತಿದ್ದಳು. ನಾನೂ ಅತ್ತ ನೋಡಿದೆ. ತೊಡೆಯ ಕೆಳಗೆ ಬಿಗಿದಿದ್ದ ಕಾಲ್ಬೆರಳುಗಳು ಒಂದೊಂದಾಗಿ ಸಡಿಲಾದವು. ಕಾಲು ಜಾರಿ ಕಟ್ಟೆಯಿಂದ ಕೆಳಗೆ ಇಳಿಬಿದ್ದವು, ಯಾವ ಕಡೆಗೂ ಎಳೆಯದೆ ಸುಮ್ಮನೆ ತೂಗಾಡಿದವು.

"ಈಗ ಏನನ್ನಾಕತ್ತೀ?" ಎಂದಳು ಗೋದಕ್ಕ.

"ಏನಿಲ್ರಿ. ಹೊಲಿಗಿ ಛಂದ ಬರಾಕತ್ತೈತಿ ಅಂತ."

"ಏಳು. ಒಳಗ ಹೋಗು."

ಅಣ್ಣ ಅತ್ತಿಗೆಯನ್ನು ನೋಡಿದ. ಆಕೆ ಸೂಜಿ ನಿಲ್ಲಿಸಿ ತಲೆಯಾಡಿಸಿದಳು. ಅವನು ಕಣ್ಣು ಮುಚ್ಚಿಕೊಂಡು ಹೊಸ್ತಿಲು ದಾಟಿದ. ನಾನು ಅತ್ತಿಗೆಯ ಗಂಟಲಿನಿಂದ ಕಣ್ಣು ಕೀಳಲಿಲ್ಲ. ಅದು ಅಲ್ಲಾಡಲಿಲ್ಲ. ಆದರೂ ಯಾರಿಗೆ ಗೊತ್ತು? ಗೋದಕ್ಕನ ಬೆರಳಲ್ಲಿ ಶೇಂಗಾ ಒಡೆಯದೆ ನಿಂತಿತ್ತು.  ಅತ್ತಿಗೆ ಕುತ್ತಿಗೆ ಹೊರಳಿಸಿ ಒಳಗಿನ ನೆಲ ನೋಡಿದಳು. ಹಿತ್ತಲಿನ ಕೆಸರಲ್ಲಿ ಬಂದ ಅಣ್ಣನ ಹೆಜ್ಜೆಗಳು ಪಡಸಾಲೆಯಲ್ಲಿ ಮಣೆಯ ತನಕ ಮೂಡಿದ್ದವು.

"ಕಾಲ್ ತೊಳಕೊಳ್ಳದ ಒಳಗ ಹೊಕ್ಕಿರಲ್ರೀ! ಈಗರ ಸಾರಿಸೇನಿ ನೆಲಾ, ಕಣ್ಣ ಕಾಣೂದಿಲ್ಲೇನು ನಿಮಗ?"

ದನಿ ಒಡೆದಿತ್ತು, ತುದಿಯಲ್ಲಿ ಸೀಳಿತ್ತು. ಆದರೆ ಆಚೆ ಮನೆಯವರಿಗೂ ಕೇಳಿತು. ಅಣ್ಣ ಹೊರಗೆ ಬಂದ, ಕಟ್ಟೆಯ ಪಕ್ಕದ ಕೊಡದಿಂದ ಎರಡೂ ಕಾಲು ತೊಳೆದುಕೊಂಡ, ಮತ್ತೆ ಹೊಸ್ತಿಲು ದಾಟಿ ಒಳಗೆ ಹೋದ.